ಅಗಲದ ಮೆಟ್ಟಿಲಿನ ಬಾಯಿ

"ಆ ಮಾತು ಇಲ್ಲಿ ಆಡಬೇಡಮ್ಮ," ಎಂದರು ಮನೆಯ ಅಜ್ಜಿ.

ಕಲ್ಲುಮೆಟ್ಟಿಲುಗಳ ತುದಿಯಲ್ಲಿ, ಬಾಗಿಲ ಚೌಕಟ್ಟಿಗೆ ಕೈ ಆನಿಸಿ ನಿಂತಿದ್ದ ಅವರು ಅದನ್ನು ಗದರಿಸುವಂತೆ ಹೇಳಲಿಲ್ಲ. ಮಲಗಿದ ಕೂಸು ಎದ್ದೀತು ಎನ್ನುವವರ ಹಾಗೆ ದನಿ ತಗ್ಗಿಸಿ ಹೇಳಿದರು. ಕೆಳಗೆ ಮಂಡಿಯೂರಿ ಕೂತು ಕಲ್ಲುಗಳ ನಡುವೆ ಉಳಿಯ ತುದಿ ಆಡಿಸುತ್ತಿದ್ದ ಅವಳು ತಲೆಯೆತ್ತಿದಳು.

"ಯಾವ ಮಾತಜ್ಜಿ?"

"ಈಗ ನಿನ್ನ ಯಜಮಾನರಿಗೆ ಅಂದೆಯಲ್ಲ, ಅದು." ಅಜ್ಜಿ ಬೆರಳಿನಿಂದ ತಮ್ಮ ತುಟಿಗಳನ್ನು ತೋರಿಸಿದರು. "ಸಂದು ಅನ್ನು. ಬಿರುಕು ಅನ್ನು. ಏನು ಬೇಕಾದ್ರೂ ಅನ್ನು. ಅದೊಂದು ಬೇಡ."

ಅವಳು ಅಂದದ್ದು ಇಷ್ಟೇ: ಬಾಯಿಗಳೆಲ್ಲ ಹಾಳಾಗಿವೆ, ಎಲ್ಲವನ್ನೂ ಬಿಡಿಸಿ ಮುಚ್ಚಬೇಕು. ಅವಳ ಅಪ್ಪನ ಕಾಲದಿಂದಲೂ ಅವರ ಕೆಲಸದಲ್ಲಿ ಎರಡು ಕಲ್ಲುಗಳ ನಡುವಿನ ಸಂದಿಗೆ ಬಾಯಿ ಎಂದೇ ಹೆಸರು. ಸವೆದ ಗಾರೆಯನ್ನು ಕೆರೆದು ತೆಗೆದರೆ ಬಾಯಿ ಬಿಡಿಸಿದ ಹಾಗೆ, ಹೊಸ ಗಾರೆ ತುಂಬಿದರೆ ಬಾಯಿ ಮುಚ್ಚಿದ ಹಾಗೆ. ಮಾತು ಕಲಿತಾಗಿನಿಂದ ಆಡಿಕೊಂಡು ಬಂದದ್ದು. ನಾಲಿಗೆಗೆ ಬೇರೆ ಪದ ಗೊತ್ತಿರಲಿಲ್ಲ.

"ಅಜ್ಜಿ, ಆ ಮಾತಿಲ್ದೆ ನಮ್ಮನೇಲಿ ಬೆಳಗೇ ಆಗಲ್ಲ," ಎಂದ ಅವಳ ಗಂಡ, ಮರಳಿನ ಚೀಲವನ್ನು ಬೆನ್ನಿನಿಂದ ಇಳಿಸುತ್ತ. "ಕಣ್ಣು ಬಿಟ್ಟ ತಕ್ಷಣ ಇವಳು ನಂಗೆ ಅನ್ನೋದೇ ಅದು. ಬಾಯ್ಮುಚ್ಚಿ, ಬಾಯ್ಮುಚ್ಚಿ ಅಂತ. ಮದುವೆ ಆದಾಗಿಂದ ಅಂತಾನೇ ಇದಾಳೆ. ಎಲ್ಲಿ ಮುಚ್ಚಿದೆ, ನೀವೇ ಹೇಳಿ."

ಕೆಲಸದ ಜಾಗಗಳಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದರು. ಸುಣ್ಣ ಕಲಸುವಾಗ ಮಾತು, ಮರಳು ಜರಡಿ ಹಿಡಿಯುವಾಗ ಮಾತು, ಊಟದ ಡಬ್ಬಿ ಬಿಚ್ಚುವಾಗ, ತೊಳೆಯುವಾಗ ಮಾತು. ಯಾರ ಮನೆಯ ಕತೆಯೋ, ಎಲ್ಲೋ ಕೇಳಿದ ಚಟಾಕಿಯೋ, ಒಂದು ಮುಗಿಯುವ ಮೊದಲೇ ಇನ್ನೊಂದರ ಬಾಲ ಹಿಡಿದುಕೊಂಡಿರುತ್ತಿದ್ದ. ಅವಳು ಕೇಳುತ್ತಿದ್ದಾಳೋ ಇಲ್ಲವೋ ಎಂಬುದರ ಪರಿವೆ ಅವನಿಗಿರಲಿಲ್ಲ. ಕೇಳುತ್ತಿದ್ದೇನೆಂಬುದರ ಪರಿವೆ ಅವಳಿಗೂ ಇರಲಿಲ್ಲ.

ಅಜ್ಜಿ ನಗಲಿಲ್ಲ. ಗೋಡೆ ಹಿಡಿದುಕೊಂಡು, ಅಲ್ಲಾಡುವ ಕಲ್ಲುಗಳನ್ನು ಕಾಲಿನಿಂದ ಪರೀಕ್ಷಿಸುತ್ತ ಅರ್ಧದವರೆಗೆ ಇಳಿದುಬಂದರು. ಬೀದಿಯಿಂದ ಮನೆಗೆ ಏರುವ ಆ ದಾರಿಯ ಎರಡೂ ಬದಿಗೆ ಎತ್ತರದ ಗೋಡೆಗಳು. ನಡುಹಗಲಿನಲ್ಲಿ ಒಂದಿಷ್ಟು ಹೊತ್ತು ಬಿಟ್ಟರೆ ಬಿಸಿಲಿನ ಸುಳಿವಿಲ್ಲ. ಪಾಚಿಯ ವಾಸನೆ, ಒದ್ದೆ ಕಬ್ಬಿಣದ ವಾಸನೆ. ಏರುವವರು ದಣಿವಾರಿಸಿಕೊಳ್ಳಲೆಂದು ನಡುವೆ ಒಂದು ಮೆಟ್ಟಿಲನ್ನು ಅಗಲವಾಗಿ ಕಟ್ಟಿದ್ದರು. ಅದರ ಒಂದು ಮೂಲೆ, ಯಾರೋ ಬಹಳ ಕಾಲ ಕೂತದ್ದರಿಂದ, ಸಣ್ಣಗೆ ತಗ್ಗಾಗಿತ್ತು.

"ಇದರ ಸಂದಿನಲ್ಲಿ ನಮ್ಮ ಚಿಕ್ಕಮ್ಮನ ದನಿ ಇದೆ," ಎಂದರು ಅಜ್ಜಿ.

ನಂಬಿಸಬೇಕೆಂಬ ಹಟ ಆ ಮಾತಿನಲ್ಲಿರಲಿಲ್ಲ. ನಲ್ಲಿ ಎಲ್ಲಿದೆ, ಕಸ ಎಲ್ಲಿ ಸುರಿಯಬೇಕು ಎಂದು ತೋರಿಸಿದಷ್ಟೇ ಸಲೀಸಾಗಿ ಹೇಳಿದರು. ಅವರ ಅಪ್ಪ ಈ ಮೆಟ್ಟಿಲುಗಳನ್ನು ಕಟ್ಟಿಸುವಾಗ ಅಮ್ಮನ ತಂಗಿ ಮನೆಯಲ್ಲೇ ಇದ್ದಳಂತೆ. ಏನನ್ನೋ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದಳಂತೆ. ಅಪ್ಪ ಮಾಟ ಬಲ್ಲವನೊಬ್ಬನನ್ನು ಕರೆಸಿದರು. ಅವನು ಅವಳ ಬಾಚಣಿಗೆಗೆ ಸಿಕ್ಕಿದ್ದ ಕೂದಲನ್ನೂ, ಅವಳು ತುಟಿ ಒರೆಸಿದ ಬಟ್ಟೆಯ ಚೂರನ್ನೂ ತರಿಸಿ, ಉಂಡೆ ಮಾಡಿ, ಅಗಲದ ಮೆಟ್ಟಿಲಿನ ಸಂದಿಗೆ ತುರುಕಿದ. ಗಾರೆಯವನು ಕರಣೆ ಒತ್ತುವ ಹೊತ್ತಿಗೆ, ಬಾಯಿ ಮುಚ್ಚು ಎಂಬ ಆ ಎರಡು ಪದ ಹೇಳಿದ. ಒಳಗೆ ಅಡುಗೆಮನೆಯಲ್ಲಿ ಯಾರನ್ನೋ ಕರೆಯುತ್ತಿದ್ದ ಚಿಕ್ಕಮ್ಮ ಅರ್ಧಕ್ಕೆ ನಿಂತಳು. ಆಮೇಲೆ ಸಾಯುವವರೆಗೂ ಅವಳ ಗಂಟಲಿನಿಂದ ಉಸಿರೊಂದನ್ನು ಬಿಟ್ಟು ಬೇರೇನೂ ಬರಲಿಲ್ಲ.

"ನನ್ನನ್ನ ಸಾಕಿದ್ದು ಅವಳೇ," ಎಂದರು ಅಜ್ಜಿ. "ತಲೆ ಬಾಚೋಳು. ಜ್ವರ ಬಂದ್ರೆ ಪಕ್ಕ ಬಿಟ್ಟು ಏಳ್ತಿರಲಿಲ್ಲ. ಸಾಯಂಕಾಲ ಇಲ್ಲೇ, ಈ ಮೂಲೇಲಿ ಕೂತಿರೋಳು. ಅವಳ ಮಾತು ಹೋದಾಗ ನಾನು ಕೈಗೂಸು. ಅವಳ ದನಿ ಹೇಗಿತ್ತು ಅಂತ ನಂಗೆ ಗೊತ್ತೇ ಇಲ್ಲ."

ಅವಳಿಗೆ ಅಜ್ಜಿಯ ಮೇಲೆ ಕನಿಕರವಾಯಿತು. ಆದರೆ ಅವಳು ಕಣ್ಣಿಗೆ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವಳು. ದೆವ್ವದ ಮನೆ ಎಂದು ಬಿಟ್ಟುಹೋದ ಮನೆಗಳ ಗೋಡೆ ಬಿಚ್ಚಿ ಒಡೆದ ಕೊಳವೆಗಳನ್ನು ತೋರಿಸಿದವಳು. ಈ ಊರಿಗೆ ಹೊಸಬಳಾದರೂ ಊರೂರಿನ ಇಂಥ ಕತೆಗಳು ಅವಳಿಗೆ ಹಳತು.

"ಹೆದರಿಕೆಗೆ ಗಂಟಲು ಕಟ್ಟಿರತ್ತೆ ಅಜ್ಜಿ. ನಿಂಗೆ ಮಾಟ ಮಾಡಿಸಿದೀವಿ ಅಂತ ಹೇಳಿದ್ರೇ ಸಾಕು, ಪಾಪ ಯಾರಿಗಾದ್ರೂ ಮಾತು ನಿಲ್ಲತ್ತೆ."

ಹಾಗೆ ಅಂದು ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಗಂಡ ನೋಡುತ್ತಿದ್ದ, ಅವನನ್ನು ನಗಿಸುವ ಅವಕಾಶ ಅವಳಿಗೆ ಅಪರೂಪಕ್ಕೆ ಸಿಗುತ್ತಿತ್ತು. ಬಗ್ಗಿ, ಅಗಲದ ಮೆಟ್ಟಿಲಿನ ಸಂದಿಗೆ ಮುಖವಿಟ್ಟು, "ಚಿಕ್ಕಮ್ಮಾ, ಇದೀರಾ? ನಿಮ್ಮ ಬಾಯಿಗೆ ಒಂಚೂರು ಸುಣ್ಣ ಹಾಕ್ತೀವಿ, ಬೇಜಾರಿಲ್ಲ ತಾನೆ?" ಎಂದಳು.

ಅವನು ನಕ್ಕ. ಆ ನಗು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಹಾರಿ ಬೀದಿಯವರೆಗೆ ಇಳಿದುಹೋಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಗೋಡೆ ಹಿಡಿದು ಮೇಲೆ ಹತ್ತಿಹೋದರು.

ಕೆಲಸ ಶುರುವಾಯಿತು. ಹಿಂದೆ ಯಾರೋ ಅವಸರಕ್ಕೆ ಸಂದುಗಳ ಮೇಲೆ ಸಿಮೆಂಟು ಮೆತ್ತಿಹೋಗಿದ್ದರು. ಒಳಗಿಳಿದ ನೀರಿಗೆ ಹೊರಬರುವ ದಾರಿ ಕಾಣದೆ, ಅದು ಹಿಂದಿದ್ದ ಹಳೆಯ ಸುಣ್ಣದ ಗಾರೆಯನ್ನೇ ತಿಂದುಹಾಕಿತ್ತು. ಅವಳು ಸಿಮೆಂಟನ್ನು ಉಳಿಯಿಂದ ಎಬ್ಬಿಸಿದಳು. ಹಿಂದಿನ ಗಾರೆಯನ್ನು ಕೊಕ್ಕೆಯಿಂದ ಕೆರೆದಳು. ಬೇರುಗಳನ್ನು ಎಳೆದಳು. ಧೂಳೇಳದಂತೆ ಪುಡಿಗೆ ನೀರು ಚಿಮುಕಿಸಿ, ಕುಂಚದಿಂದ ಗುಡಿಸಿ, ಸಂದು ಬೆಳ್ಳಗಾಗುವವರೆಗೆ ನೀರು ಹೊಯ್ದು ತೊಳೆದಳು. ಬಿಡಿಸಿದ ಸಂದನ್ನು ತೊಳೆಯದೆ ಹೊಸ ಗಾರೆ ಹಾಕಿದರೆ ಅದು ಕಲ್ಲನ್ನು ಹಿಡಿಯುವುದಿಲ್ಲ. ಕೆರೆ, ಗುಡಿಸು, ತೊಳೆ. ಅವಳ ಕೈಗೆ ಈ ಮೂರು ಬೇರೆ ಬೇರೆ ಕೆಲಸಗಳಾಗಿ ಉಳಿದಿರಲಿಲ್ಲ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತಿತ್ತು.

ಅವನು ಮೇಲಿನಿಂದ ಮಾತಾಡುತ್ತಲೇ ಗಾರೆ ತುಂಬುತ್ತ ಬರುತ್ತಿದ್ದ.

ಅಗಲದ ಮೆಟ್ಟಿಲಿಗೆ ಬಂದ ದಿನ ಅವಳು ಒಂದು ವಿಚಿತ್ರವನ್ನು ಗಮನಿಸಿದಳು. ಆ ಓಣಿಯಲ್ಲಿ ಆಡಿದ ಮಾತು ಗೋಡೆಗೆ ತಾಗಿ ಮರಳುತ್ತಿತ್ತು. ಈ ಮೆಟ್ಟಿಲಿನ ಹತ್ತಿರ ಮಾತ್ರ ಮರಳುತ್ತಿರಲಿಲ್ಲ. ಉಳಿಗೆ ಸುತ್ತಿಗೆ ಬಿದ್ದ ಸದ್ದು ಕೂಡ ಹುಟ್ಟಿದಲ್ಲೇ ಇಂಗಿಹೋಗುತ್ತಿತ್ತು, ಯಾರೋ ನುಂಗಿದಂತೆ. ಸಂದಿನೊಳಗಿಂದ ವಾಸನೆಯೊಂದು ಬಂತು. ಪಾಚಿಯದಲ್ಲ, ಮಣ್ಣಿನದಲ್ಲ. ಬಹಳ ದಿನ ತೊಳೆಯದ ತಲೆಯ, ದಿಂಬಿಗೆ ಅಂಟಿದ ಎಣ್ಣೆಯ ವಾಸನೆ. ಆಳದಲ್ಲಿ ಕೊಕ್ಕೆಗೆ ನಾರಿನಂಥದೇನೋ ತಗುಲಿತು. ಹಳೆಯ ಗಾರೆಗೆ ನಾರು ಬೆರೆಸುತ್ತಿದ್ದದ್ದು ಅವಳಿಗೆ ಗೊತ್ತು. ಬೇಕಾದಷ್ಟು ಆಳ ಆಗಿತ್ತು. ಅದನ್ನು ಹಾಗೇ ಬಿಟ್ಟು, ಸಂದು ತೊಳೆದು, ಕೆಳಗಿನ ಮೆಟ್ಟಿಲಿಗೆ ಇಳಿದಳು.

ಆಕಾಶ ಕಪ್ಪಾಗತೊಡಗಿತ್ತು. ಗಾಳಿಯಲ್ಲಿ ಧೂಳಿನ ವಾಸನೆ ಎದ್ದಿತು. ಬಿಡಿಸಿದ ಸಂದಿಗೆ ಮಳೆಯ ನೀರು ನುಗ್ಗಿದರೆ ಕಲ್ಲಿನಡಿಯ ಮಣ್ಣು ಕೊಚ್ಚಿಹೋಗಿ ಎಲ್ಲ ಮೊದಲಿನಿಂದ ಆಗಬೇಕು. ಮೇಲೆ, ಅಗಲದ ಮೆಟ್ಟಿಲಿನವರೆಗೆ ತುಂಬಿಕೊಂಡು ಬಂದಿದ್ದ ಅವನು ಗಾರೆಯ ಬಾಂಡ್ಲಿಯನ್ನು ಪಕ್ಕಕ್ಕಿಟ್ಟುಕೊಂಡು, ಕರಣೆಯನ್ನು ಗಾಳಿಯಲ್ಲಿ ಆಡಿಸುತ್ತ, ಒಬ್ಬ ಗುತ್ತಿಗೆದಾರ ಮತ್ತು ಅವನ ಅತ್ತೆಯ ಕತೆ ಹೇಳುತ್ತಿದ್ದ.

"...ಅಳಿಯ ಹೊಸ ಮನೆ ಕಟ್ಟಿಸಿದಾನಲ್ಲ, ಅತ್ತೆ ನೋಡೋಕೆ ಬಂದ್ಲು. ಒಳಗೆಲ್ಲಾ ಓಡಾಡಿದ್ಲು. ಆಮೇಲೆ ಏನಂದ್ಲು ಗೊತ್ತಾ? ಅಳಿಯಂದ್ರೇ..."

"ರೀ, ಮಳೆ ಬರ್ತಿದೆ. ಮಾತು ಸಾಕು," ಎಂದಳು ಅವಳು ತಲೆಯೆತ್ತದೆ. "ಆ ಬಾಯಿ ಮುಚ್ಚಿ ಮೊದಲು."

ಕರಣೆ ಒತ್ತಿದ ಸದ್ದು ಕೇಳಿತು. ತೇವದ, ಮೆತ್ತನೆಯ ಸದ್ದು.

ಅತ್ತೆ ಏನಂದಳು ಎಂಬುದು ಬರಲಿಲ್ಲ.

ಅವಳು ಕಾದಳು. ಕಾಯುತ್ತಿದ್ದೇನೆಂದು ಆಗ ಗೊತ್ತಾಯಿತು. ತಲೆಯೆತ್ತಿದಳು. ಅವನ ತುಟಿಗಳು ಆಡುತ್ತಿದ್ದವು. ಕತೆ ಹೇಳುವಾಗಿನ ಅದೇ ಹುಬ್ಬು, ಅದೇ ಕೈ. ದನಿ ಮಾತ್ರ ಇರಲಿಲ್ಲ.

"ನಾಟಕ ಸಾಕು ರೀ."

ಅವನು ಕತೆ ನಿಲ್ಲಿಸಿ ಅವಳನ್ನು ನೋಡಿದ. ಕೈಯಿಂದ ಗಂಟಲು ಮುಟ್ಟಿಕೊಂಡ. ಮತ್ತೆ ಬಾಯಿ ತೆರೆದ, ಕತ್ತಿನ ನರ ಉಬ್ಬುವಷ್ಟು. ಏನೂ ಇಲ್ಲ. ಕರಣೆ ಅವನ ಕೈಯಿಂದ ಜಾರಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿತು. ಇಡೀ ಓಣಿಯಲ್ಲಿ ಅದೊಂದೇ ಸದ್ದು.

ಮೇಲೆ ಬಾಗಿಲಲ್ಲಿ ಅಜ್ಜಿ ನಿಂತಿದ್ದರು.

ಗಂಟಲಿನ ಡಾಕ್ಟರು ದೀಪ ಹಾಕಿ ನೋಡಿದರು, ಕನ್ನಡಿ ಇಟ್ಟು ನೋಡಿದರು. ಎಲ್ಲ ಸರಿಯಾಗೇ ಇದೆ, ಸ್ವಲ್ಪ ದಿನ ವಿಶ್ರಾಂತಿ ಕೊಡಿ ಎಂದರು. ಹೊರಗೆ ಬಂದ ಮೇಲೆ ಅವಳು, "ನೋಡಿದ್ರಾ, ಡಾಕ್ಟರೂ ಅದನ್ನೇ..." ಎಂದು ಶುರುಮಾಡಿ ನಿಲ್ಲಿಸಿದಳು. ಆ ಪದಗಳನ್ನು ಇನ್ನು ನಗುತ್ತಲೂ ಆಡುವಂತಿರಲಿಲ್ಲ.

ಮನೆಯೆಂದು ಅವರು ಬಾಡಿಗೆಗೆ ಹಿಡಿದಿದ್ದದ್ದು ಒಂದೇ ಕೋಣೆ. ಅಷ್ಟು ಚಿಕ್ಕ ಕೋಣೆಯಲ್ಲಿ ಅಷ್ಟೊಂದು ನಿಶ್ಶಬ್ದಕ್ಕೆ ಜಾಗವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಪಾತ್ರೆ ಇಟ್ಟರೆ ಪಾತ್ರೆಯ ಸದ್ದು. ನಲ್ಲಿ ಬಿಟ್ಟರೆ ನೀರಿನ ಸದ್ದು. ಅವನು ಮೊದಮೊದಲು ಕೈಸನ್ನೆಯಿಂದ ನಗಿಸಲು ನೋಡಿದ. ಅವಳು ನಕ್ಕಳು. ಅವಳು ಮನಸಾರೆ ನಗುತ್ತಿಲ್ಲವೆಂದು ತಿಳಿದ ಮೇಲೆ ಅವನು ಅದನ್ನೂ ಬಿಟ್ಟ. ಊಟಕ್ಕೆ ಕೂತಾಗ ಅವನ ತುಟಿಗಳು ಅಭ್ಯಾಸಬಲದಿಂದ ಒಮ್ಮೆ ತೆರೆಯುತ್ತಿದ್ದವು. ಆಮೇಲೆ ತುತ್ತಿಗೆ ತೆರೆದದ್ದೆಂಬಂತೆ ತುತ್ತು ಇಡುತ್ತಿದ್ದ. ಅದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ.

ತುಂಬಿದ ಸಂದುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ದಿನಾ ನೀರು ಚಿಮುಕಿಸಬೇಕು. ಸುಣ್ಣ ನಿಧಾನವಾಗಿ ಗಟ್ಟಿಯಾಗಬೇಕು, ಬೇಗ ಒಣಗಿದರೆ ಪುಡಿಯಾಗುತ್ತದೆ. ಆ ಕೆಲಸಕ್ಕೆ ಅವಳೊಬ್ಬಳೇ ಬಂದಳು. ಅಗಲದ ಮೆಟ್ಟಿಲಿನ ಚೀಲವನ್ನು ಮಡಿಸುವಾಗ ಗುಜುಗುಜು ಸದ್ದೊಂದು ಕೇಳಿತು. ಬೀದಿಯದೆಂದುಕೊಂಡಳು. ಬೀದಿಯ ಕಡೆ ತಿರುಗಿದರೆ ಕಡಿಮೆಯಾಯಿತು. ಕಲ್ಲಿನ ಕಡೆ ಬಗ್ಗಿದರೆ ಹೆಚ್ಚಾಯಿತು. ಕಿವಿಯನ್ನು ತಣ್ಣನೆಯ ಗಾರೆಗೆ ಒತ್ತಿ ಹಿಡಿದಳು.

"...ಅಲ್ಲ ಕಣೇ, ಅತ್ತೆ ಹಾಗಂದ ಮೇಲೆ ಅಳಿಯ ಸುಮ್ನಿರ್ತಾನಾ? ಕೇಳಿಸ್ತಿದೆಯಾ? ಯಾಕೆ ಇಷ್ಟು ಕತ್ತಲೆ ಇಲ್ಲಿ? ಏನೇ, ಇದೀಯಾ?"

ಅವನೇ. ಅವನ ದನಿ. ಕತ್ತಲೆಯಲ್ಲಿ ಕೂತು, ಯಾರಿಗೆಂದು ಗೊತ್ತಿಲ್ಲದೆ, ಬಿಡದೆ ಮಾತಾಡುತ್ತಿತ್ತು.

"ಇದೀನಿ," ಎಂದಳು ಅವಳು ಕಲ್ಲಿಗೆ. "ಇದೀನಿ ರೀ." ಆ ದನಿಗೆ ಅದು ಕೇಳಿಸಲಿಲ್ಲ.

ಮರುದಿನ ಅದು ಇನ್ನೂ ದೂರ ಹೋಗಿತ್ತು. ಅದರ ಮರುದಿನ ಮಾತುಗಳ ನಡುವೆ ಖಾಲಿ ಬಿಡುತ್ತಿತ್ತು. ಉಗುರಿನಿಂದ ಒತ್ತಿ ನೋಡಿದಳು. ಗಾರೆ ಅಂಚಿನಲ್ಲಿ ಗಟ್ಟಿಯಾಗತೊಡಗಿತ್ತು. ಎಷ್ಟು ಗಟ್ಟಿಯಾದರೆ ಅವನು ಅಷ್ಟು ದೂರ. ಅವಳು ಬಕೆಟ್ ಬಕೆಟ್ ನೀರು ತಂದು ಚೀಲಗಳನ್ನು ನೆನೆಸಿದಳು. ಸುಣ್ಣ ಗಟ್ಟಿಯಾಗುವುದನ್ನು ತಡ ಮಾಡಬಹುದು, ತಡೆಯಲಾಗುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು.

"ಏನು ಮಾಡಬೇಕು ಹೇಳಿ ಅಜ್ಜಿ. ನಗಲ್ಲ ನಾನು. ಏನು ಹೇಳಿದ್ರೂ ಮಾಡ್ತೀನಿ."

ಅಜ್ಜಿ ಅವಳನ್ನು ಒಳಗೆ ಕರೆದು ಕೂರಿಸಿದರು. ಗೋಡೆಯ ಮೇಲೆ ಒಂದು ಹಳೆಯ ಪಟ. ಕೂಸನ್ನು ಎತ್ತಿಕೊಂಡ, ತುಟಿ ಬಿಗಿದ ಹೆಂಗಸು.

"ಅವನನ್ನ ಕರ್ಕೊಂಡು ಬಾ," ಎಂದರು. "ಆ ಮೆಟ್ಟಿಲ ಮೇಲೇ ಕೂರಿಸು. ಗಾರೆ ಗಟ್ಟಿ ಆಗೋ ಮೊದಲು ಬಿಡಿಸು. ಬಿಡಿಸೋದಾದ್ರೆ ಪೂರ್ತಿ ಬಿಡಿಸಬೇಕು. ಹಿಂದಿಂದೂ ಬರಬೇಕು, ಆಳದಲ್ಲಿರೋದು. ಒಂಚೂರೂ ಉಳಿಸಬೇಡ."

ಮಾತಿನುದ್ದಕ್ಕೂ ಅಜ್ಜಿ ಅವಳ ಮುಖ ನೋಡಲಿಲ್ಲ. ಅವಸರದಲ್ಲಿದ್ದ ಅವಳ ಮನಸ್ಸಿಗೆ ಅದು ತಟ್ಟಲಿಲ್ಲ.

ಸಂಜೆಯ ಬೆಳಕು ಇಳಿಯುತ್ತಿದ್ದ ಹೊತ್ತಿಗೆ ಅವನನ್ನು ಕರೆತಂದಳು. ಅಗಲದ ಮೆಟ್ಟಿಲಿನ ಮೇಲೆ ಕೂರಿಸಿದಳು. ಅವನು ಕಾಲು ಇಳಿಬಿಟ್ಟು, ದೊಡ್ಡವರು ಹೇಳಿದಂತೆ ಕೇಳುವ ಮಗುವಿನ ಹಾಗೆ ಕೂತ. ಮೇಲಿನ ಬಾಗಿಲಲ್ಲಿ ಅಜ್ಜಿ. ಗೋಡೆಗಳ ನಡುವೆ ಕತ್ತಲು ತೆಳ್ಳಗೆ ತುಂಬಿಕೊಳ್ಳುತ್ತಿತ್ತು.

ಅವಳು ಕೊಕ್ಕೆ ಇಟ್ಟಳು. ಅಂಚು ಒಡೆಯಿತು. ಒಳಗೆ ಗಾರೆ ಇನ್ನೂ ಹಸಿಯಾಗಿತ್ತು, ಹಿಟ್ಟಿನ ಹಾಗೆ. ಮೊದಲ ಚೂರು ಕಲ್ಲಿನ ಮೇಲೆ ಬಿತ್ತು. ಬಿದ್ದಲ್ಲಿಂದ, ಇರುವೆಯ ಗಾತ್ರದ ದನಿಯಲ್ಲಿ, "ಅಳಿಯಂದ್ರೇ" ಎಂದಿತು.

ಅವನು ಬೆಚ್ಚಿ ಕಾಲು ಎಳೆದುಕೊಂಡ. ಅವಳು ಕೆರೆಯುತ್ತಲೇ ಹೋದಳು. ಇನ್ನೊಂದು ಚೂರು. "ಕೇಳಿಸ್ತಾ." ಇನ್ನೊಂದು. ಅರ್ಧ ನಗು. ಇನ್ನೊಂದು. ಬರೀ ಉಸಿರು. ಚೂರುಗಳು ಅವನ ಪಾದದ ಸುತ್ತ ಬಿದ್ದು ಪಿಸುಗುಡುತ್ತಿದ್ದವು. ಅವನ ಗಂಟಲ ಗಂಟು ಮೇಲೆ ಕೆಳಗೆ ಆಡಿತು, ಏನೋ ಬಂದು ತಾಗಿದಂತೆ. ಇಷ್ಟು ಸಾಕೇನೋ ಎನಿಸಿತು ಅವಳಿಗೆ. ನಿಂತಳು.

"ಇನ್ನೂ ಆಳಕ್ಕೆ," ಎಂದರು ಅಜ್ಜಿ ಮೇಲಿನಿಂದ. "ಹಿಂದಿಂದು."

ಕೊಕ್ಕೆ ಒಳಗೆ ಹೋಯಿತು. ಮೊಣಕೈಯವರೆಗೂ ಹೋದಂತೆನಿಸಿತು. ತಲೆಯೆಣ್ಣೆಯ ವಾಸನೆ ಮೂಗಿಗೆ ಅಡರಿತು. ನಾರು ತಗುಲಿತು. ಎಳೆದಳು. ಬರಲಿಲ್ಲ. ಒಳಗಿನಿಂದ ಯಾರೋ ತಿರುಗಿ ಎಳೆದರು. ಕಾಲನ್ನು ಕಲ್ಲಿಗೆ ಒದೆಗೊಟ್ಟು ಎಳೆದಳು. ಕೂದಲು. ಉದ್ದನೆಯ, ಒದ್ದೆಯಾದ, ಇನ್ನೂ ಕಪ್ಪಾಗಿದ್ದ ಕೂದಲು. ಅದರೊಳಗೆ ಸುತ್ತಿದ್ದ ಬಟ್ಟೆಯ ಚೂರು. ಅದು ಹೊರಬಂದ ಕೂಡಲೇ ಸಂದಿನಿಂದ ತಣ್ಣನೆಯ ಉಸಿರು ಬಂದು ಅವಳ ಮುಖಕ್ಕೆ ಬಡಿಯಿತು. ಬಹಳ ಕಾಲ ಹಿಡಿದಿಟ್ಟಿದ್ದ ಉಸಿರು.

ಸಂದು ಬಿಡಿಸಿ ಆಯಿತು.

ಅವಳ ಕಣ್ಣು ಅವನ ಮೇಲಿತ್ತು. ಮನಸ್ಸು ಅವನ ಮೇಲಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕುಂಚ ತೆಗೆದುಕೊಂಡು ಗುಡಿಸಿತು. ಬಕೆಟ್ ಎತ್ತಿತು. ನೀರು ಹೊಯ್ದಿತು.

ಬೆಳ್ಳನೆಯ ನೀರು ಮೆಟ್ಟಿಲಿನಿಂದ ಇಳಿಯಿತು.

ಅದರ ಜೊತೆಗೆ ಅವನ ನಗು ಇಳಿಯಿತು.

ಅವಳಿಗೆ ಕೇಳಿಸಿತು. ಒಂದು ಮೆಟ್ಟಿಲು ಕೆಳಗೆ. ಎರಡು. ಗುತ್ತಿಗೆದಾರನ ಅತ್ತೆ. ಜರಡಿ ಎಲ್ಲಿಟ್ಟೆ. ಏನೇ. ಏನೇ. ಬಕೆಟ್ ಬಿಸಾಡಿದಳು. ಓಡಿದಳು. ಪಾಚಿಗೆ ಕಾಲು ಜಾರಿತು. ಮಂಡಿ ಕಲ್ಲಿಗೆ ಬಡಿಯಿತು. ಎದ್ದಳು. ನೀರು ಅವಳಿಗಿಂತ ಮುಂದಿತ್ತು. ಅಂಗೈಯಿಂದ ಅಡ್ಡ ಹಿಡಿದಳು. ಬೆರಳ ಸಂದುಗಳಿಂದ ಸೋರಿತು. ಸೆರಗು ಹಾಸಿದಳು. ಸೆರಗಿನ ಅಂಚು ಸುತ್ತಿ ಹೋಯಿತು. ಕೊನೆಯ ಮೆಟ್ಟಿಲು. ಚರಂಡಿಯ ಜಾಲರಿ. ಮಾತು, ಮಾತು, ಮಾತು. ಇಷ್ಟು ವರ್ಷದ ಮಾತು. ಒಂದರ ಮೇಲೊಂದು ಬಿದ್ದು, ತೊದಲಿ, ಕಪ್ಪು ರಂಧ್ರಕ್ಕೆ ಇಳಿಯಿತು. ಕೆಳಗೆಲ್ಲೋ ಹರಿಯುವ ನೀರಿನ ಸದ್ದಿಗೆ ಸೇರಿತು.

ಆಮೇಲೆ ಅದೂ ನಿಂತಿತು.

ಕಲ್ಲಿನ ಒಂದು ತಗ್ಗಿನಲ್ಲಿ ಸ್ವಲ್ಪ ಉಳಿದಿತ್ತು. ಅಂಗೈಗೆ ಬಳಿದುಕೊಂಡಳು. ಮೇಲೆ ಹತ್ತಿದಳು. ಅವನ ಗಲ್ಲ ಹಿಡಿದು, ತೆರೆದ ತುಟಿಗಳ ನಡುವೆ ಆ ಬಿಳಿಯ ನೀರನ್ನು ಒಸರಿಸಿದಳು. ಸುಣ್ಣ ಸುಡುತ್ತದೆ ಎಂದು ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನುಂಗಿದ.

"ಮಾತಾಡಿ," ಎಂದಳು. "ಏನಾದ್ರೂ ಮಾತಾಡಿ. ಆ ಅತ್ತೆ ಏನಂದ್ಲು ಹೇಳಿ."

ಅವನ ಬಾಯಿ ತೆರೆಯಿತು. ದನಿ ಬಂತು.

ಹೆಂಗಸಿನ ದನಿ. ತುಕ್ಕು ಹಿಡಿದ ಬಾಗಿಲ ಹಾಗೆ ಕಿರುಗುಟ್ಟಿ, ನಿಂತು, ದಾರಿ ಹುಡುಕಿಕೊಂಡು ಬಂದ ದನಿ. ಅವನ ಮುಖ ಅವಳ ಕಡೆಗಿತ್ತು, ಕಣ್ಣಿನಲ್ಲಿ ದಿಗಿಲಿತ್ತು. ದನಿ ಮಾತ್ರ ಅವಳನ್ನು ದಾಟಿ ಮೇಲಿನ ಬಾಗಿಲಿಗೆ ಹೋಯಿತು.

"ಮಗಳೇ."

ಅಜ್ಜಿ ಗೋಡೆ ಹಿಡಿಯದೆ ಇಳಿದುಬಂದರು. "ಚಿಕ್ಕಮ್ಮ," ಎಂದರು.

"ಚಿಕ್ಕಮ್ಮ ಅನ್ನಬೇಡ," ಎಂದಿತು ಅವನ ಬಾಯಿ. "ಅದನ್ನ ಹೇಳೋಕೇ ಹೋಗಿದ್ದು ನಾನು. ಹೆತ್ತವಳು ನಾನು ಕಣೇ. ನನ್ನ ಮಡಿಲಿಂದ ತಗೊಂಡು ಅಕ್ಕನ ಮಡಿಲಿಗೆ ಹಾಕಿದ್ರು. ಕೂಗಿ ಹೇಳ್ತೀನಿ ಅಂದೆ. ಕೂಗೋಕೆ ಬಿಡಲಿಲ್ಲ."

ಕೂದಲೆಲ್ಲ ಬೆಳ್ಳಗಾದ ಆ ಮುದುಕಿ ಅಗಲದ ಮೆಟ್ಟಿಲಿನ ಮೇಲೆ ಕುಸಿದು, ಅವನ ಮೊಣಕಾಲಿಗೆ ಮುಖವೊತ್ತಿ, ಜೀವಮಾನದಲ್ಲಿ ಮೊದಲ ಸಲ ಕರೆಯಬೇಕಾದ ಹೆಸರಿನಿಂದ ಕರೆದರು. ಅವನ ಕೈ ತಾನಾಗಿ ಮೇಲೆದ್ದಿತು. ಆ ಬಿಳಿಯ ತಲೆಯನ್ನು ಸವರತೊಡಗಿತು. ಅವನು ತನ್ನ ಕೈಯನ್ನೇ ನೋಡುತ್ತಿದ್ದ, ಬೇರೆ ಯಾರದೋ ಕೈ ಎಂಬಂತೆ.

ಅವಳು ಕೊಕ್ಕೆ ಹಿಡಿದುಕೊಂಡು ನಿಂತಿದ್ದಳು.

"ಹೊಸದನ್ನ ಮಾತ್ರ ತೆಗೆದಿದ್ರೆ ಸಾಕಾಗ್ತಿತ್ತು ಅಲ್ವಾ?" ಎಂದು ಕೇಳಿದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಜ್ಜಿ ತಲೆಯೆತ್ತಲಿಲ್ಲ. "ಎರಡೂ ಬರತ್ತೆ ಅಂದ್ಕೊಂಡೆ ಕಣಮ್ಮ. ಒಂದು ಸಲ ಕೇಳಬೇಕಿತ್ತು ನಂಗೆ. ನೀನು ನೀರು ಹಾಕ್ತೀಯ ಅಂತ ಗೊತ್ತಿರಲಿಲ್ಲ."

ನೀರು ಹಾಕಿದ್ದು ತಾನೇ. ಆ ಮಾತು ಆಡಿದ್ದೂ ತಾನೇ. ಅವಳು ಅಜ್ಜಿಯ ಪಕ್ಕದಲ್ಲೇ, ಒದ್ದೆ ಕಲ್ಲಿನ ಮೇಲೆ ಕೂತಳು.

ಅವಳು ಅವನನ್ನು ಮನೆಗೆ ಕರೆದುಕೊಂಡು ಹೋದಳು. ಅಜ್ಜಿ ದಿನಾ ಬಸ್ಸು ಹತ್ತಿ ಬರುತ್ತಿದ್ದರು. ಆ ಒಂದೇ ಕೋಣೆಯಲ್ಲಿ, ಗೋಡೆಗೆ ಒರಗಿ ಕೂತ ಅವನ ಬಾಯಿಯಿಂದ, ಹೆತ್ತವಳು ಮಗಳಿಗೆ ಹೇಳದೆ ಉಳಿದದ್ದನ್ನೆಲ್ಲ ಹೇಳುತ್ತಿದ್ದಳು. ಮೊದಲ ಹಲ್ಲು ಬಂದ ದಿನ, ಮೊದಲ ಹೆಜ್ಜೆ, ಜ್ವರ. ಅವನು ಕಣ್ಣು ಮುಚ್ಚಿಕೊಂಡು, ತನ್ನ ಬಾಯಿಯನ್ನು ಬಾಡಿಗೆಗೆ ಕೊಟ್ಟವನ ಹಾಗೆ ಕೂತಿರುತ್ತಿದ್ದ. ಅವಳು ಮೂಲೆಯಲ್ಲಿ ಕೂತು ಟೀ ಮಾಡುತ್ತಿದ್ದಳು. ಎರಡು ಪದ ಆಡಿದರೆ ಆ ದನಿ ನಿಂತುಬಿಡಬಹುದಿತ್ತು. ನಾಲಿಗೆಯ ತುದಿಗೆ ಅವು ಬಂದದ್ದೂ ಉಂಟು. ಅಜ್ಜಿಯ ಮುಖ ನೋಡಿದಾಗ, ಅದು ಚಿಕ್ಕ ಹುಡುಗಿಯ ಮುಖವಾಗಿರುತ್ತಿತ್ತು. ಅವಳು ನುಂಗಿಕೊಳ್ಳುತ್ತಿದ್ದಳು.

ಒಂದು ದಿನ ಅಜ್ಜಿ ಬರಲಿಲ್ಲ. ಅವನ ಬಾಯಿ ಆ ಮಧ್ಯಾಹ್ನ ಸಣ್ಣಗೆ ಅತ್ತು, ಸುಮ್ಮನಾಯಿತು. ಯಾರಾದರೂ ಬಂದು ಸುದ್ದಿ ಹೇಳುವ ಮೊದಲೇ ಅವಳಿಗೆ ತಿಳಿಯಿತು. ಆ ದನಿ ಮತ್ತೆ ಬರಲಿಲ್ಲ.

ಅವರು ಆ ಊರು ಬಿಟ್ಟರು. ಈಗ ಬೇರೆ ಕಡೆ ಕೆಲಸ ಮಾಡುತ್ತಾರೆ. ಅವನು ತುಂಬುತ್ತಾನೆ, ಅವಳು ಕೆರೆಯುತ್ತಾಳೆ. ಮಾತು ಅವಳದೇ. ಕೇಳಿದ ಕತೆಗಳನ್ನು ಅವಳು ಅಡ್ಡಾದಿಡ್ಡಿಯಾಗಿ ಹೇಳುತ್ತಾಳೆ. ಅವಳಿಗೆ ಚಟಾಕಿ ಹೇಳಲು ಬರುವುದಿಲ್ಲ, ನಗಬೇಕಾದ ಜಾಗ ಮೊದಲೇ ಬಂದುಬಿಡುತ್ತದೆ. ಅವನು ಆದರೂ ನಗುತ್ತಾನೆ, ಸದ್ದಿಲ್ಲದೆ, ಭುಜ ಕುಣಿಸಿ.

ಒಂದು ಸಲ ನೀರಿಗೆ ಬರವಿದ್ದ ಜಾಗದಲ್ಲಿ ಒಣ ಸುಣ್ಣವನ್ನು ಹಾಗೇ ಗುಡಿಸಬೇಕಾಯಿತು. ಧೂಳು ಎದ್ದಿತು. ಬೆನ್ನ ಹಿಂದೆ ಅವನು ಕೆಮ್ಮಿದ.

ಅವಳ ಕೈಯಿಂದ ಕುಂಚ ಬಿತ್ತು.

ದಪ್ಪನೆಯ, ಕೊನೆಯಲ್ಲಿ ಸ್ವಲ್ಪ ಎಳೆಯುವ ಕೆಮ್ಮು. ಅವನದು. ಪೂರ್ತಿ ಅವನದೇ. ಅವತ್ತು ಅಂಗೈಯಲ್ಲಿ ಉಳಿಸಿ ತಂದದ್ದು ಈ ಕೆಮ್ಮಿನಷ್ಟೇ ಎಂದು ಅವಳಿಗೆ ಆಗ ಅರ್ಥವಾಯಿತು.

ಸುಣ್ಣದ ಧೂಳು ಎದೆಗೆ ಒಳ್ಳೆಯದಲ್ಲ. ಅವಳ ಅಪ್ಪ ಹೋದದ್ದು ಅದರಿಂದಲೇ. ಆದರೂ ಈಗ ಅವಳು ಗುಡಿಸುವ ಮೊದಲು ನೀರು ಚಿಮುಕಿಸುವುದಿಲ್ಲ. ಮರೆತವಳ ಹಾಗೆ ಬಕೆಟನ್ನು ದೂರವಿಟ್ಟು, ಅವನ ಕಡೆ ನೋಡದೆ, ಕುಂಚ ಕೈಗೆ ತೆಗೆದುಕೊಳ್ಳುತ್ತಾಳೆ. ಅವನಿಗೆ ಎಲ್ಲ ಗೊತ್ತು. ಮೂಗಿಗೆ ಕಟ್ಟಿದ ಬಟ್ಟೆಯನ್ನು ಕುತ್ತಿಗೆಗೆ ಇಳಿಸಿಕೊಂಡು, ಅವನು ಧೂಳಿನೊಳಗೆ ಬಂದು ಅವಳ ಹತ್ತಿರ ನಿಲ್ಲುತ್ತಾನೆ.